ಹಳೆಯ ವಾಹನಗಳ ಇಂಧನ ಅಂತಃಕ್ಷೇಪಣ ವ್ಯವಸ್ಥೆ: ಮನೆಯಂಗಳದ ಸುಧಾರಣೆ

ಎಂಜಿನ್ನಿಗೆ ಬೇಕಾದ ಡೀಸೆಲ್ ಅಥವಾ ಪೆಟ್ರೋಲನ್ನು ಅಳೆದು, ಒತ್ತಡಕ್ಕೆ ಏರಿಸಿ, ತಕ್ಕ ಗಳಿಗೆಯಲ್ಲಿ ತುಂತುರಾಗಿ ಸಿಲಿಂಡರಿನೊಳಕ್ಕೆ ಅಥವಾ ಅದರ ಗಾಳಿನಾಳಕ್ಕೆ ಚಿಮ್ಮಿಸುವ ಬಿಡಿಭಾಗಗಳ ಜೋಡಣೆಯೇ ಇಂಧನ ಅಂತಃಕ್ಷೇಪಣ ವ್ಯವಸ್ಥೆ. ಸವೆದ ಅಥವಾ ಹಳೆಯ ಮಾದರಿಯ ಇಂಥ ವ್ಯವಸ್ಥೆಯನ್ನು ಮೂಲ ಅಳತೆಗೆ ಮರಳಿಸುವುದು, ಅದರ ಪೂರಕ ಭಾಗಗಳನ್ನು ಉತ್ತಮಪಡಿಸುವುದು ಅಥವಾ ಅದನ್ನು ಹೊಸ ಮಾದರಿಯ ವ್ಯವಸ್ಥೆಯಿಂದ ಬದಲಿಸುವುದನ್ನು ಸುಧಾರಣೆ ಎನ್ನಲಾಗುತ್ತದೆ. ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಂಥ ಒಣಬೇಸಾಯದ ಪ್ರದೇಶಗಳಲ್ಲಿ ಈ ಕೆಲಸ ಮುಖ್ಯವಾಗಿ ಟ್ರ್ಯಾಕ್ಟರ್, ಜೀಪು, ಲಘು ಸರಕು ವಾಹನ ಮತ್ತು ಡೀಸೆಲ್ ಪಂಪ್‌ಸೆಟ್ಟುಗಳಿಗೆ ಸಂಬಂಧಿಸಿದ್ದು.

ಪರಿಭಾಷೆ

ಗ್ಯಾರೇಜುಗಳ ಬಳಕೆಮಾತಿನಲ್ಲಿ ಅಂತಃಕ್ಷೇಪಣ ಪಂಪನ್ನು ಡೀಸೆಲ್ ಪಂಪ್ ಅಥವಾ ಎಫ್‌ಐ ಪಂಪ್ ಎಂದೂ ತುಂತುರು ಬಿಡುವ ತುದಿಯನ್ನು ನಾಜಲ್ ಎಂದೂ ಕರೆಯುತ್ತಾರೆ. ನಾಜಲನ್ನು ಹಿಡಿದಿರುವ ಪೂರ್ಣ ಘಟಕ ಇಂಜೆಕ್ಟರ್. ಪಂಪಿನೊಳಗಿನ ಪ್ಲಂಜರ್ ಮತ್ತು ಬ್ಯಾರಲ್ ಜೋಡಿಗೆ ಎಲಿಮೆಂಟ್ ಎಂಬ ಹೆಸರಿದೆ. ಟ್ಯಾಂಕಿನಿಂದ ಡೀಸೆಲ್ ಎಳೆದು ಅಂತಃಕ್ಷೇಪಣ ಪಂಪಿಗೆ ಕೊಡುವ ಸಣ್ಣ ಪಂಪು ಫೀಡ್ ಪಂಪ್. ಪಂಪು ಪ್ರತಿ ಸಿಲಿಂಡರಿಗೆ ಕೊಡುವ ಡೀಸೆಲ್ ಪ್ರಮಾಣವನ್ನು ಯಂತ್ರದ ಮೇಲೆ ಅಳೆದು ಸರಿಪಡಿಸುವುದು ಕ್ಯಾಲಿಬ್ರೇಶನ್. ಇಂಧನ ಚಿಮ್ಮುವ ಗಳಿಗೆಯನ್ನು ಪಿಸ್ಟನ್ನಿನ ಸ್ಥಾನಕ್ಕೆ ಹೊಂದಿಸುವುದು ಟೈಮಿಂಗ್. ಈ ಲೇಖನದಲ್ಲಿ ಇವೇ ಪದಗಳನ್ನು ಬಳಸಲಾಗಿದೆ.

ಉಗಮ ಮತ್ತು ಬೆಳವಣಿಗೆ

ರುಡಾಲ್ಫ್ ಡೀಸೆಲ್ 1890ರ ದಶಕದಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರೂಪಿಸಿದ ಎಂಜಿನ್ನಿನಲ್ಲಿ ಇಂಧನವನ್ನು ಸಿಲಿಂಡರಿಗೆ ಊದಲು ಒತ್ತಿದ ಗಾಳಿಯನ್ನು ಬಳಸಲಾಗುತ್ತಿತ್ತು. ಅದಕ್ಕೆ ಬೇಕಾದ ಗಾಳಿಯ ಕಂಪ್ರೆಸರ್ ಭಾರವಾಗಿದ್ದುದರಿಂದ ಆ ಎಂಜಿನ್ ವಾಹನಗಳಿಗೆ ಒಗ್ಗಲಿಲ್ಲ. ಇಂಧನವನ್ನೇ ನೇರವಾಗಿ ಒತ್ತಡಕ್ಕೆ ಏರಿಸುವ ಪಂಪಿನ ಕೆಲಸವನ್ನು ರಾಬರ್ಟ್ ಬಾಷ್ ಅವರ ಕಂಪನಿ 1922ರಲ್ಲಿ ಕೈಗೆತ್ತಿಕೊಂಡು 1927ರಲ್ಲಿ ಸರಣಿ ಉತ್ಪಾದನೆಗೆ ತಂದಿತು. ಡೀಸೆಲ್ ಎಂಜಿನ್ ಲಾರಿ ಮತ್ತು ಟ್ರ್ಯಾಕ್ಟರ್‌ಗಳಲ್ಲಿ ನೆಲೆಯೂರಲು ಈ ಪಂಪೇ ದಾರಿ ಮಾಡಿತು. ಎಲ್ಲ ಇಂಜೆಕ್ಟರುಗಳಿಗೂ ಒಂದೇ ಅಧಿಕ ಒತ್ತಡದ ಕೊಳವೆಯಿಂದ ಡೀಸೆಲ್ ಒದಗಿಸುವ ಕಾಮನ್ ರೈಲ್ ವ್ಯವಸ್ಥೆ 1997ರಲ್ಲಿ ಆಲ್ಫಾ ರೋಮಿಯೊ 156ರ ಮೂಲಕ ಕಾರುಗಳಿಗೆ ಬಂತು. ಪೆಟ್ರೋಲ್ ಎಂಜಿನ್ನುಗಳಲ್ಲಿ ಯಾಂತ್ರಿಕ ನೇರ ಅಂತಃಕ್ಷೇಪಣ 1954ರ ಮರ್ಸಿಡಿಸ್ ಬೆಂಜ್ 300 ಎಸ್‌ಎಲ್ ಕಾರಿನಲ್ಲೂ ವಿದ್ಯುನ್ಮಾನ ನಿಯಂತ್ರಣದ ಡಿ-ಜೆಟ್ರಾನಿಕ್ ವ್ಯವಸ್ಥೆ 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲೂ ಕಾಣಿಸಿಕೊಂಡವು.

ಭಾರತದಲ್ಲಿ ಈ ಉದ್ಯಮದ ಬೇರು ಬೆಂಗಳೂರಿನಲ್ಲಿದೆ. ಬಾಷ್ ಸಹಯೋಗದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೊ, 1951ರಲ್ಲಿ ಸ್ಥಾಪನೆಯಾಗಿ ಆಡುಗೋಡಿಯಲ್ಲಿ ಕಾರ್ಖಾನೆ ನಡೆಸಿತು. ಡೀಸೆಲ್ ಪಂಪ್, ನಾಜಲ್ ಮತ್ತು ಸ್ಪಾರ್ಕ್ ಪ್ಲಗ್‌ಗಳಿಗೆ ಅದರ ಹೆಸರು ದೇಶದಾದ್ಯಂತ ರೂಢಿಯಾಯಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾದರೂ ಗ್ರಾಮಾಂತರ ಗ್ಯಾರೇಜುಗಳಲ್ಲಿ ಮೈಕೊ ಪಂಪ್ ಎಂಬ ಮಾತು ಉಳಿದಿದೆ. ರೋಟರಿ ಮಾದರಿಯ ಡಿಪಿಎ ಪಂಪುಗಳನ್ನು ತಮಿಳುನಾಡಿನ ಟಿವಿಎಸ್ ಸಮೂಹದ ಕಂಪನಿಗಳು ತಯಾರಿಸಿದವು.

ಪ್ರಾದೇಶಿಕ ಹಿನ್ನೆಲೆ

ನಾಲ್ಕೂ ತಾಲ್ಲೂಕುಗಳು ಬಯಲುಸೀಮೆಯವು. ಪಾವಗಡ, ಶಿರಾ ಮತ್ತು ಮಧುಗಿರಿಯಲ್ಲಿ ಕಡಲೆಕಾಯಿ ಮುಖ್ಯ ಮಳೆಯಾಶ್ರಿತ ಬೆಳೆ. ಉಳುಮೆ, ಕಡಲೆಕಾಯಿ ಬಿಡಿಸುವ ಯಂತ್ರ, ರಾಗಿ ಒಕ್ಕಣೆ, ನೀರಿನ ಟ್ಯಾಂಕರ್ ಎಳೆಯುವುದು, ಇವೆಲ್ಲಕ್ಕೂ ಒಂದೇ ಟ್ರ್ಯಾಕ್ಟರ್ ದುಡಿಯುತ್ತದೆ. ಒಕ್ಕಣೆಯಂಥ ನಿಂತ ಕೆಲಸದಲ್ಲಿ ಎಂಜಿನ್ ತಾಸುಗಟ್ಟಲೆ ಒಂದೇ ವೇಗದಲ್ಲಿ ಓಡಬೇಕಾಗಿ, ಸುತ್ತಲಿನ ಗಾಳಿಯಲ್ಲಿ ದೂಳು ಹೊಟ್ಟು ತುಂಬಿರುತ್ತದೆ. ಡೀಸೆಲ್ಲನ್ನು ಬಂಕಿನಿಂದ ಕ್ಯಾನಿನಲ್ಲಿ ತಂದು ಹೊಲದಲ್ಲೇ ಟ್ಯಾಂಕಿಗೆ ಸುರಿಯುವ ರೂಢಿಯಿಂದ ದೂಳು ಮತ್ತು ನೀರು ಇಂಧನಕ್ಕೆ ಸೇರುತ್ತವೆ. ಅಂತಃಕ್ಷೇಪಣ ವ್ಯವಸ್ಥೆಯ ಸವೆತಕ್ಕೆ ಇವೆರಡೇ ಪ್ರಧಾನ ಕಾರಣಗಳು.

ಶಿರಾ ಪಟ್ಟಣವು ಬೆಂಗಳೂರು–ಪುಣೆ ಮಾರ್ಗದ ರಾಷ್ಟ್ರೀಯ ಹೆದ್ದಾರಿ 48ರ ಮೇಲಿದೆ. ಹೊನ್ನಾವರದಿಂದ ಬರುವ ಹೆದ್ದಾರಿ 69 ಶಿರಾ ಮತ್ತು ಮಧುಗಿರಿಯನ್ನು ಹಾದು ಗೌರಿಬಿದನೂರಿನತ್ತ ಸಾಗುತ್ತದೆ. ಬಿಡಿಭಾಗಗಳಿಗೆ ತುಮಕೂರು ಸಮೀಪದ ಮಾರುಕಟ್ಟೆ. ಅಲ್ಲಿ ಸಿಗದ ಹಳೆಯ ಮಾದರಿಗಳ ಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಹೆಸರಾಗಿದೆ. ವಾಹನ ನೋಂದಣಿಯ ಕೆಎ-64 ಸಂಕೇತ ಮಧುಗಿರಿಯ ಸಾರಿಗೆ ಕಚೇರಿಯದು.

ರಚನೆ ಮತ್ತು ಕಾರ್ಯವಿಧಾನ

ಯಾಂತ್ರಿಕ ಡೀಸೆಲ್ ವ್ಯವಸ್ಥೆಯಲ್ಲಿ ಎರಡು ಭಾಗಗಳಿವೆ. ಟ್ಯಾಂಕ್, ನೀರು ತಂಗುವ ಬಟ್ಟಲು, ಫೀಡ್ ಪಂಪ್, ಫಿಲ್ಟರುಗಳು ಮತ್ತು ರಬ್ಬರ್ ಅಥವಾ ಲೋಹದ ಪೈಪುಗಳು ಕಡಿಮೆ ಒತ್ತಡದ ಭಾಗಕ್ಕೆ ಸೇರುತ್ತವೆ. ಅಂತಃಕ್ಷೇಪಣ ಪಂಪ್, ದಪ್ಪ ಗೋಡೆಯ ಉಕ್ಕಿನ ಪೈಪುಗಳು ಮತ್ತು ಇಂಜೆಕ್ಟರುಗಳು ಅಧಿಕ ಒತ್ತಡದ ಭಾಗದವು. ಬಳಕೆಯಾಗದ ಡೀಸೆಲ್ ರಿಟರ್ನ್ ಪೈಪಿನ ಮೂಲಕ ಟ್ಯಾಂಕಿಗೆ ಮರಳುತ್ತದೆ.

ಪಂಪಿನ ಕ್ಯಾಮ್ ಪ್ಲಂಜರನ್ನು ಮೇಲಕ್ಕೆ ತಳ್ಳಿದಾಗ ಡೀಸೆಲ್ಲಿನ ಒತ್ತಡ ಏರುತ್ತದೆ, ಡೆಲಿವರಿ ವಾಲ್ವ್ ತೆರೆದು ಡೀಸೆಲ್ ಪೈಪಿಗೆ ಹರಿಯುತ್ತದೆ. ಇಂಜೆಕ್ಟರಿನ ಸ್ಪ್ರಿಂಗ್ ಬಲವನ್ನು ಒತ್ತಡ ಮೀರಿದ ಕ್ಷಣ ನಾಜಲಿನ ಸೂಜಿ ಮೇಲೆದ್ದು ತುಂತುರು ಚಿಮ್ಮುತ್ತದೆ. ನೇರ ಅಂತಃಕ್ಷೇಪಣದ ಹಳೆಯ ಎಂಜಿನ್ನುಗಳಲ್ಲಿ ನಾಜಲ್ ತೆರೆಯುವ ಒತ್ತಡ ಸಾಮಾನ್ಯವಾಗಿ 180ರಿಂದ 260 ಬಾರ್. ಪೂರ್ವಕೋಣೆಯುಳ್ಳ ಪರೋಕ್ಷ ಮಾದರಿಗಳಲ್ಲಿ ಅದು ಸುಮಾರು 110ರಿಂದ 150 ಬಾರ್. ಮಹೀಂದ್ರ 575 ಡಿಐ, ಮ್ಯಾಸಿ ಫರ್ಗುಸನ್ 1035 ಡಿಐ ಮುಂತಾದ ಟ್ರ್ಯಾಕ್ಟರ್ ಹೆಸರುಗಳಲ್ಲಿರುವ ಡಿಐ ಅಕ್ಷರಗಳು ನೇರ ಅಂತಃಕ್ಷೇಪಣವನ್ನು ಸೂಚಿಸುತ್ತವೆ.

ಪ್ಲಂಜರಿಗೂ ಬ್ಯಾರಲ್ಲಿಗೂ ನಡುವಿನ ಸಂದು ಕೆಲವೇ ಮೈಕ್ರಾನ್, ಅಂದರೆ ಮಿಲಿಮೀಟರಿನ ಕೆಲವೇ ಸಾವಿರಾಂಶ. ಡೀಸೆಲ್ ಸೋರದಂತೆ ತಡೆಯುವುದು ಈ ಬಿಗಿಯೇ, ಬೇರೆ ವಾಷರ್ ಇಲ್ಲ. ಕಣ್ಣಿಗೆ ಕಾಣದ ದೂಳಿನ ಕಣವೂ ಇಲ್ಲಿ ಗೀರು ಮೂಡಿಸಬಲ್ಲುದರಿಂದ ಇಡೀ ವ್ಯವಸ್ಥೆಯ ಆಯುಸ್ಸು ಫಿಲ್ಟರುಗಳನ್ನು ಅವಲಂಬಿಸಿದೆ. ಎಂಜಿನ್ ವೇಗವನ್ನು ಹೊರೆಗೆ ತಕ್ಕಂತೆ ಕಾಯುವ ಗವರ್ನರ್ ಪಂಪಿನ ಭಾಗವಾಗಿರುತ್ತದೆ.

ಪಂಪುಗಳ ಬಗೆಗಳು

ಒಂಟಿ ಎಲಿಮೆಂಟ್ ಪಂಪು: ಒಂದೇ ಸಿಲಿಂಡರಿನ ಪಂಪ್‌ಸೆಟ್ ಎಂಜಿನ್ನುಗಳಲ್ಲಿ ಬಳಕೆ. ಇದಕ್ಕೆ ಸ್ವಂತ ಕ್ಯಾಮ್ ಇಲ್ಲ, ಎಂಜಿನ್ನಿನ ಕ್ಯಾಮ್ ಶಾಫ್ಟೇ ಇದನ್ನು ನಡೆಸುತ್ತದೆ.

ಇನ್‌ಲೈನ್ ಪಂಪು: ಪ್ರತಿ ಸಿಲಿಂಡರಿಗೆ ಒಂದರಂತೆ ಎಲಿಮೆಂಟುಗಳು ಸಾಲಾಗಿ ನಿಂತಿರುತ್ತವೆ. ಬಹುತೇಕ ಮಾದರಿಗಳಲ್ಲಿ ಕ್ಯಾಮ್ ಭಾಗಕ್ಕೆ ಎಂಜಿನ್ ಆಯಿಲ್ ಜಾರುಗುಣ ಒದಗಿಸುತ್ತದೆ. ಲಾರಿ, ಬಸ್ಸು ಮತ್ತು ಅನೇಕ ಟ್ರ್ಯಾಕ್ಟರ್‌ಗಳಲ್ಲಿ ಇದು ಸಾಮಾನ್ಯ.

ರೋಟರಿ ಪಂಪು: ಒಂದೇ ಒತ್ತಡ ಘಟಕ ಎಲ್ಲ ಸಿಲಿಂಡರುಗಳಿಗೂ ಸರದಿಯಂತೆ ಡೀಸೆಲ್ ಹಂಚುತ್ತದೆ. ಡಿಪಿಎ ಮತ್ತು ಬಾಷ್ ವಿಇ ಇದರ ಪರಿಚಿತ ಮಾದರಿಗಳು. ಹಗುರ, ಸಣ್ಣ ಗಾತ್ರ. ಒಳಭಾಗಗಳಿಗೆ ಡೀಸೆಲ್ಲೇ ಜಾರೆಣ್ಣೆಯಾದ್ದರಿಂದ ಕಲಬೆರಕೆ ಮತ್ತು ನೀರಿನಿಂದ ಬೇಗ ಹಾಳಾಗುತ್ತದೆ.

ಕಾಮನ್ ರೈಲ್: ಮೊದಲ ಪೀಳಿಗೆಯಲ್ಲಿ ಸುಮಾರು 1,350 ಬಾರ್, ಮುಂದಿನ ಪೀಳಿಗೆಗಳಲ್ಲಿ 1,600 ಬಾರ್ ಮತ್ತು ಅದಕ್ಕೂ ಹೆಚ್ಚು ಒತ್ತಡ. ಇಂಜೆಕ್ಟರ್ ತೆರೆದು ಮುಚ್ಚುವುದನ್ನು ಇಸಿಯು ಎಂಬ ವಿದ್ಯುನ್ಮಾನ ಘಟಕ ನಿರ್ಧರಿಸುತ್ತದೆ.

ಸುಧಾರಣೆಯ ಹಂತಗಳು

ಮೊದಲನೆಯದು ಪುನಶ್ಚೇತನ. ಸವೆದ ನಾಜಲ್, ಎಲಿಮೆಂಟ್, ಡೆಲಿವರಿ ವಾಲ್ವ್ ಮತ್ತು ವಾಷರ್‌ಗಳನ್ನು ಬದಲಿಸಿ ತಯಾರಕರು ಹೇಳಿದ ಅಳತೆಗೆ ತರುವುದು. ಎರಡನೆಯದು ಪೂರಕ ಸುಧಾರಣೆ. ಹೆಚ್ಚುವರಿ ಫಿಲ್ಟರ್, ನೀರು ಬೇರ್ಪಡಿಸುವ ಬಟ್ಟಲು, ಕೈಪಂಪುಳ್ಳ ಫಿಲ್ಟರ್ ತಲೆ, ಹೊಸ ಪೈಪುಗಳು ಇದರಲ್ಲಿ ಸೇರುತ್ತವೆ. ಮೂರನೆಯದು ಪಂಪ್ ಬದಲಾವಣೆ, ಉದಾಹರಣೆಗೆ ರೋಟರಿ ಪಂಪಿನ ಜಾಗದಲ್ಲಿ ಅದೇ ಎಂಜಿನ್ನಿಗೆ ತಯಾರಕರು ಒದಗಿಸಿದ ಇನ್‌ಲೈನ್ ಪಂಪ್ ಕೂರಿಸುವುದು. ಗೇರ್, ಬ್ರಾಕೆಟ್, ಪೈಪ್ ಮತ್ತು ಟೈಮಿಂಗ್ ಎಲ್ಲವೂ ಆಗ ಬದಲಾಗುತ್ತವೆ. ನಾಲ್ಕನೆಯದು ಯಾಂತ್ರಿಕ ವ್ಯವಸ್ಥೆಯಿಂದ ವಿದ್ಯುನ್ಮಾನ ವ್ಯವಸ್ಥೆಗೆ ಹೋಗುವುದು. ಹಳೆಯ ಡೀಸೆಲ್ ಎಂಜಿನ್ನಿನ ಸಿಲಿಂಡರ್ ಹೆಡ್, ಪಿಸ್ಟನ್ ಬಟ್ಟಲಿನ ಆಕಾರ ಮತ್ತು ಪಂಪ್ ಚಾಲನೆ ಕಾಮನ್ ರೈಲಿಗೆ ಹೊಂದುವುದಿಲ್ಲವಾದ್ದರಿಂದ ಇದು ಸಾಮಾನ್ಯವಾಗಿ ಪೂರ್ಣ ಎಂಜಿನ್ ಬದಲಾವಣೆಯಾಗುತ್ತದೆ. ಮನೆಯಂಗಳದ ಕೆಲಸ ಮೊದಲೆರಡು ಹಂತಗಳ ವ್ಯಾಪ್ತಿಯಲ್ಲಿದ್ದು, ಪಂಪಿನ ಒಳಭಾಗ ಬಿಚ್ಚಬೇಕಾದಲ್ಲಿ ಕಾರ್ಯಾಗಾರದ ಕೆಲಸ ಆರಂಭವಾಗುತ್ತದೆ.

ಮನೆಯಲ್ಲಿ ಮಾಡಬಹುದಾದ ಕೆಲಸಗಳು

ಶುಚಿಗೊಳಿಸುವಿಕೆ: ಯಾವ ನಟ್ ಸಡಿಲಿಸುವ ಮೊದಲೂ ಪಂಪ್ ಮತ್ತು ಇಂಜೆಕ್ಟರುಗಳ ಸುತ್ತ ಡೀಸೆಲ್ ಮತ್ತು ಬ್ರಷ್‌ನಿಂದ ತೊಳೆದು ಒಣಗಿಸಬೇಕು. ಬಿಚ್ಚಿದ ಬಾಯಿಗಳನ್ನು ಕೂಡಲೇ ಪ್ಲಾಸ್ಟಿಕ್ ಮುಚ್ಚಳದಿಂದ ಮುಚ್ಚಬೇಕು. ನೂಲು ಬಿಡುವ ಹಳೆಬಟ್ಟೆ ಈ ಕೆಲಸಕ್ಕೆ ಸಲ್ಲದು.

ಟ್ಯಾಂಕ್ ಮತ್ತು ಫಿಲ್ಟರ್: ಟ್ಯಾಂಕಿನ ತಳದ ಕೆಸರು ನೀರನ್ನು ಡ್ರೈನ್ ಪ್ಲಗ್‌ನಿಂದ ಹೊರಹಾಕಿ, ಜಾಲರಿ ತೊಳೆದು, ಎರಡು ಫಿಲ್ಟರುಗಳಿರುವ ಟ್ರ್ಯಾಕ್ಟರಿನಲ್ಲಿ ತಯಾರಕರ ಸೂಚನೆಯ ಕ್ರಮದಲ್ಲಿ ಅವನ್ನು ಬದಲಿಸಲಾಗುತ್ತದೆ. ನೀರು ಬೇರ್ಪಡಿಸುವ ಬಟ್ಟಲನ್ನು ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ ಕೂರಿಸುವುದು ವಾಡಿಕೆ. ಹೊಲದಲ್ಲಿ ಡೀಸೆಲ್ ಸುರಿಯಲು ಜಾಲರಿಯುಳ್ಳ ಆಲಿಕೆ ಬೇಕು.

ಏರ್ ತೆಗೆಯುವಿಕೆ: ಡೀಸೆಲ್ ಮುಗಿದಾಗ ಅಥವಾ ಫಿಲ್ಟರ್ ಬದಲಿಸಿದಾಗ ಪೈಪಿನಲ್ಲಿ ಸೇರಿದ ಗಾಳಿ ಒತ್ತಡ ಏರದಂತೆ ತಡೆಯುತ್ತದೆ. ಇದನ್ನು ಏರ್ ಲಾಕ್ ಎನ್ನುತ್ತಾರೆ. ಟ್ಯಾಂಕ್ ತುಂಬಿಸಿ, ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದೆ ಡೀಸೆಲ್ ಬರುವವರೆಗೆ ಕೈಪಂಪ್ ಒತ್ತಿ ಬಿಗಿಯಬೇಕು. ಆಮೇಲೆ ಪಂಪಿನ ಸ್ಕ್ರೂ ಬಳಿ ಇದನ್ನೇ ಮಾಡಿ, ಕೊನೆಗೆ ಇಂಜೆಕ್ಟರ್ ಬಳಿಯ ಪೈಪ್ ನಟ್‌ಗಳನ್ನು ಸಡಿಲಿಸಿ ಸ್ಟಾರ್ಟರಿನಿಂದ ಎಂಜಿನ್ ತಿರುಗಿಸಿ ಬಿಗಿಗೊಳಿಸಲಾಗುತ್ತದೆ. ಯಾಂತ್ರಿಕ ವ್ಯವಸ್ಥೆಗೆ ಮಾತ್ರ ಈ ಕೊನೆಯ ವಿಧಾನ ಅನ್ವಯ. ಮತ್ತೆ ಮತ್ತೆ ಏರ್ ಹಿಡಿದರೆ ಫೀಡ್ ಪಂಪಿನ ಹಿಂದಿನ ಎಳೆಯುವ ಪೈಪಿನ ಬಿರುಕು, ಸಡಿಲ ಕ್ಲಿಪ್ ಅಥವಾ ಸವೆದ ವಾಷರನ್ನು ಹುಡುಕಬೇಕು. ಅಲ್ಲಿ ಡೀಸೆಲ್ ಹೊರಗೆ ಸೋರದೆ ಗಾಳಿ ಒಳಗೆ ನುಗ್ಗುವುದೂ ಉಂಟು.

ಇಂಜೆಕ್ಟರ್ ಬಿಚ್ಚಿ ಕೂರಿಸುವಿಕೆ: ಇಂಜೆಕ್ಟರುಗಳನ್ನು ತೆಗೆದು ಪರೀಕ್ಷೆಗೆ ಒಯ್ಯುವುದು, ಮರಳಿ ಕೂರಿಸುವಾಗ ತಾಮ್ರದ ವಾಷರನ್ನು ಹೊಸದಾಗಿ ಹಾಕುವುದು, ಇಂಜೆಕ್ಟರನ್ನು ಹಿಡಿದಿಡುವ ಎರಡೂ ಬೋಲ್ಟುಗಳನ್ನು ಸಮನಾಗಿ ಬಿಗಿಯುವುದು ಮನೆಯಲ್ಲಿ ಸಾಧ್ಯ. ಹಳೆಯ ವಾಷರ್ ಒಳಗೇ ಅಂಟಿಕೊಂಡು, ಅದರ ಮೇಲೆ ಹೊಸದು ಕೂತರೆ ನಾಜಲಿನ ತುದಿ ತನ್ನ ಸ್ಥಾನಕ್ಕಿಂತ ಮೇಲೆ ನಿಲ್ಲುತ್ತದೆ.

ಟೈಮಿಂಗ್ ಪರಿಶೀಲನೆ: ಪಂಪ್ ಬಿಚ್ಚುವ ಮೊದಲು ಅದರ ಫ್ಲ್ಯಾಂಜ್ ಮತ್ತು ಎಂಜಿನ್ ಮೇಲಿನ ಗುರುತುಗಳನ್ನು ನೋಡಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಹೊಸ ಗುರುತು ಹಾಕಬೇಕು. ಇನ್‌ಲೈನ್ ಪಂಪಿನಲ್ಲಿ ಮೊದಲ ಸಿಲಿಂಡರಿನ ಡೆಲಿವರಿ ಬಾಯಿಂದ ಡೀಸೆಲ್ ಹರಿವು ನಿಲ್ಲುವ ಗಳಿಗೆಯನ್ನು ಫ್ಲೈವೀಲ್ ಗುರುತಿಗೆ ತಾಳೆ ನೋಡುವ ಕ್ರಮವಿದೆ. ಉದ್ದ ರಂಧ್ರವುಳ್ಳ ಫ್ಲ್ಯಾಂಜ್‌ನಲ್ಲಿ ಪಂಪನ್ನು ಸ್ವಲ್ಪ ತಿರುಗಿಸಿ ಹೊಂದಿಸಲಾಗುತ್ತದೆ.

ಕಾರ್ಯಾಗಾರಕ್ಕೆ ಮೀಸಲಾದ ಕೆಲಸಗಳು

ಎಲಿಮೆಂಟ್ ಬದಲಾವಣೆ, ಗವರ್ನರ್ ಹೊಂದಾಣಿಕೆ ಮತ್ತು ಕ್ಯಾಲಿಬ್ರೇಶನ್ನಿಗೆ ಪರೀಕ್ಷಾ ಯಂತ್ರ ಬೇಕು. ಅದರಲ್ಲಿ ಪಂಪನ್ನು ನಿಗದಿತ ವೇಗದಲ್ಲಿ ತಿರುಗಿಸಿ, ಪ್ರತಿ ಸಿಲಿಂಡರಿನ ಡೀಸೆಲ್ಲನ್ನು ಅಳತೆಗಾಜಿನಲ್ಲಿ ಹಿಡಿದು ಸಮಗೊಳಿಸುತ್ತಾರೆ. ನಾಜಲ್ ಪರೀಕ್ಷೆಯಲ್ಲಿ ತೆರೆಯುವ ಒತ್ತಡ, ತುಂತುರಿನ ಆಕಾರ ಮತ್ತು ಸೋರಿಕೆಯನ್ನು ನೋಡಲಾಗುತ್ತದೆ. ತೆರೆಯುವ ಒತ್ತಡಕ್ಕಿಂತ ತುಸು ಕಡಿಮೆ ಒತ್ತಡದಲ್ಲಿ 10 ಸೆಕೆಂಡು ಹಿಡಿದಾಗ ನಾಜಲ್ ತುದಿಯಿಂದ ಹನಿ ಬೀಳಬಾರದು. ಸ್ಪ್ರಿಂಗ್ ಮೇಲಿನ ಶಿಮ್ ಎಂಬ ತೆಳುಬಿಲ್ಲೆಯ ದಪ್ಪ ಬದಲಿಸಿ ಅಥವಾ ಸ್ಕ್ರೂ ತಿರುಗಿಸಿ ಒತ್ತಡ ಸರಿಪಡಿಸುತ್ತಾರೆ. ಕಾಮನ್ ರೈಲ್ ಇಂಜೆಕ್ಟರುಗಳಿಗೆ ಪ್ರತ್ಯೇಕ ಯಂತ್ರ ಬೇಕು. ಹಲವು ಮಾದರಿಗಳಲ್ಲಿ ಹೊಸ ಇಂಜೆಕ್ಟರಿನ ಸಂಕೇತವನ್ನು ಇಸಿಯುವಿಗೆ ದಾಖಲಿಸಬೇಕು.

ಪಂಪಿನ ಗರಿಷ್ಠ ಡೀಸೆಲ್ ಸ್ಕ್ರೂ ಮುದ್ರೆಯೊಂದಿಗೆ ಬರುತ್ತದೆ. ಪಿಕಪ್ ಹೆಚ್ಚಿಸಲು ಅದನ್ನು ತಿರುಗಿಸಿದರೆ ಒದಗುವ ಗಾಳಿಗೆ ಮೀರಿ ಡೀಸೆಲ್ ಸೇರಿ ಕಪ್ಪು ಹೊಗೆ, ಅತಿ ಶಾಖ ಮತ್ತು ಪಿಸ್ಟನ್ ಹಾನಿ ಸಂಭವಿಸುತ್ತವೆ.

ಪೆಟ್ರೋಲ್ ವಾಹನಗಳು

ಭಾರತದ ಕಾರುಗಳಲ್ಲಿ ಕಾರ್ಬ್ಯುರೇಟರಿನ ಬದಲಿಗೆ ಎಂಪಿಎಫ್‌ಐ, ಅಂದರೆ ಬಹುಬಿಂದು ಇಂಧನ ಅಂತಃಕ್ಷೇಪಣ, 2000ರ ಆಸುಪಾಸಿನಲ್ಲಿ ವ್ಯಾಪಕವಾಯಿತು. ದ್ವಿಚಕ್ರ ವಾಹನಗಳಲ್ಲಿ ಹೀರೊ ಹೋಂಡಾ ಗ್ಲಾಮರ್ ಎಫ್‌ಐ 2006ರಲ್ಲೇ ಬಂದರೂ, 2020ರ ಬಿಎಸ್-6 (ಭಾರತ್ ಸ್ಟೇಜ್) ಹೊಗೆ ನಿಯಮದ ನಂತರ ಅಂತಃಕ್ಷೇಪಣ ಸಾರ್ವತ್ರಿಕವಾಯಿತು. ಕಾರ್ಬ್ಯುರೇಟರ್ ವಾಹನವನ್ನು ಪರಿವರ್ತಿಸಲು ಇಂಜೆಕ್ಟರುಳ್ಳ ಥ್ರಾಟಲ್ ಬಾಡಿ, ಅಧಿಕ ಒತ್ತಡದ ವಿದ್ಯುತ್ ಪಂಪ್, ಒತ್ತಡ ನಿಯಂತ್ರಕ, ರಿಟರ್ನ್ ಪೈಪ್, ಇಸಿಯು ಮತ್ತು ಕ್ರ್ಯಾಂಕ್ ಸ್ಥಾನ, ಉಷ್ಣತೆ, ಗಾಳಿಯ ಒತ್ತಡ, ಆಮ್ಲಜನಕ ಇವುಗಳ ಸೆನ್ಸರ್‌ಗಳು ಬೇಕು. ಕಾರ್ಬ್ಯುರೇಟರ್ ಪಂಪಿನ ಒತ್ತಡ ಸುಮಾರು 0.2ರಿಂದ 0.3 ಬಾರ್ ಇದ್ದರೆ ಎಂಪಿಎಫ್‌ಐಗೆ ಸುಮಾರು 3 ಬಾರ್ ಬೇಕಾಗುವುದರಿಂದ ಹಳೆಯ ಪೈಪುಗಳನ್ನು ಉಳಿಸಿಕೊಳ್ಳುವಂತಿಲ್ಲ. ಇಂಥ ಪರಿವರ್ತನೆಗಾಗಿ 2001ರಿಂದ ಮೆಗಾಸ್ಕ್ವರ್ಟ್, ನಂತರ ಸ್ಪೀಡುಯಿನೊ ಮುಂತಾದ ಸ್ವಯಂಜೋಡಣೆಯ ಇಸಿಯುಗಳು ಜಗತ್ತಿನ ಹವ್ಯಾಸಿಗಳಲ್ಲಿ ಬಳಕೆಗೆ ಬಂದಿವೆ.

ಇಂಧನದ ಬದಲಾವಣೆಗಳು

ಡೀಸೆಲ್ಲಿನ ಗಂಧಕದ ಮಿತಿ ಬಿಎಸ್-3ರಲ್ಲಿ 350, ಬಿಎಸ್-4ರಲ್ಲಿ 50 ಮತ್ತು ಬಿಎಸ್-6ರಲ್ಲಿ 10 ಪಿಪಿಎಂ. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್ಲಿನ ಸಹಜ ಜಾರುಗುಣವೂ ಕುಗ್ಗುವುದರಿಂದ ತೈಲ ಶುದ್ಧೀಕರಣದಲ್ಲಿ ಪೂರಕ ದ್ರವ್ಯ ಸೇರಿಸಲಾಗುತ್ತದೆ. ಸೀಮೆಎಣ್ಣೆ ಬೆರೆತ ಡೀಸೆಲ್ ರೋಟರಿ ಪಂಪಿಗೆ ವಿಶೇಷವಾಗಿ ಅಪಾಯಕಾರಿ.

1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನೊಂದನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಲಾಗಿತ್ತು. ಆದರೂ ಕಡಲೆಕಾಯಿ ಎಣ್ಣೆ, ಹೊಂಗೆ ಎಣ್ಣೆಗಳ ಸ್ನಿಗ್ಧತೆ ಡೀಸೆಲ್ಲಿಗಿಂತ ಹತ್ತು ಪಟ್ಟಿನಷ್ಟು. ಸಂಸ್ಕರಿಸದೆ ಬಳಸಿದರೆ ತುಂತುರು ಒರಟಾಗಿ ನಾಜಲ್ ರಂಧ್ರಗಳಲ್ಲಿ ಇದ್ದಲು ಕಟ್ಟುತ್ತದೆ. ಮೆಥನಾಲಿನೊಂದಿಗೆ ರಾಸಾಯನಿಕ ಕ್ರಿಯೆಗೆ ಒಳಪಡಿಸಿದ ಜೈವಿಕ ಡೀಸೆಲ್ಲಿನಲ್ಲಿ ಈ ದೋಷ ಬಹಳಷ್ಟು ತಗ್ಗುತ್ತದೆ.

ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಹಳೆಯ ರಬ್ಬರ್ ಪೈಪ್ ಮತ್ತು ಸೀಲುಗಳನ್ನು ಎಥನಾಲ್ ಹಾಳುಮಾಡಬಲ್ಲುದರಿಂದ ಅವನ್ನು ಫ್ಲೋರೊಕಾರ್ಬನ್ ರಬ್ಬರಿನ ಪೈಪುಗಳಿಂದ ಬದಲಿಸುವುದು ಈಗ ಸುಧಾರಣೆಯ ಭಾಗವಾಗಿದೆ.

ದೋಷಗಳು ಮತ್ತು ಲಕ್ಷಣಗಳು

ಹೊರೆಯಲ್ಲಿ ಕಪ್ಪು ಹೊಗೆ ಬಂದರೆ ಹೆಚ್ಚು ಡೀಸೆಲ್, ಕಟ್ಟಿದ ಏರ್ ಫಿಲ್ಟರ್ ಅಥವಾ ಹನಿಯುವ ನಾಜಲ್ ಕಾರಣವಾಗಿರಬಹುದು. ಬಿಳಿ ಹೊಗೆ ಉರಿಯದ ಡೀಸೆಲ್ಲನ್ನು, ತಡವಾದ ಟೈಮಿಂಗನ್ನು ಅಥವಾ ಕಡಿಮೆ ಕಂಪ್ರೆಶನ್ನನ್ನು ಸೂಚಿಸುತ್ತದೆ. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವ ಗುರುತು, ಅಂತಃಕ್ಷೇಪಣಕ್ಕೆ ಸಂಬಂಧಿಸಿದ್ದಲ್ಲ. ಬಿಸಿಯಾದ ಎಂಜಿನ್ ಮತ್ತೆ ಸ್ಟಾರ್ಟ್ ಆಗಲು ತಡಮಾಡಿದರೆ ಪಂಪಿನ ಸವೆತವನ್ನು ಶಂಕಿಸಲಾಗುತ್ತದೆ, ಏಕೆಂದರೆ ಬಿಸಿಗೆ ತೆಳುವಾದ ಡೀಸೆಲ್ ಸವೆದ ಎಲಿಮೆಂಟಿನ ಸಂದಿನಲ್ಲಿ ಹೆಚ್ಚು ಸೋರುತ್ತದೆ.

ಸುರಕ್ಷತೆ

ನಾಜಲಿನಿಂದ ಚಿಮ್ಮುವ ತುಂತುರು ಚರ್ಮವನ್ನು ತೂರಿ ಒಳಗಿನ ಅಂಗಾಂಶಕ್ಕೆ ಡೀಸೆಲ್ ಸೇರಿಸಬಲ್ಲದು. ಗಾಯ ಸೂಜಿಮೊನೆಯಷ್ಟು ಕಂಡರೂ ಅದು ಶಸ್ತ್ರಚಿಕಿತ್ಸೆ ಬೇಕಾಗುವ ತುರ್ತುಸ್ಥಿತಿ. ಸೋರಿಕೆ ಹುಡುಕಲು ಕೈಗೆ ಬದಲಾಗಿ ರಟ್ಟಿನ ತುಂಡು ಬಳಸಬೇಕು. ಓಡುತ್ತಿರುವ ಕಾಮನ್ ರೈಲ್ ಎಂಜಿನ್ನಿನ ಪೈಪನ್ನು ಸಡಿಲಿಸಬಾರದು. ಪೆಟ್ರೋಲ್ ವಾಹನದಲ್ಲಿ ಒತ್ತಡ ಇಳಿಸಿ, ಬ್ಯಾಟರಿ ತಂತಿ ಬಿಚ್ಚಿ ಕೆಲಸ ಆರಂಭಿಸಬೇಕು.

ಕಾನೂನು

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಎಂಜಿನ್ ಬದಲಾವಣೆ ಮತ್ತು ಇಂಧನ ಪರಿವರ್ತನೆಗೆ ನೋಂದಣಿ ಪ್ರಾಧಿಕಾರದ ಅನುಮೋದನೆ ಬೇಕು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಕಲಮಿನ ಕಟ್ಟುನಿಟ್ಟಾದ ಅರ್ಥವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ 182ಎ ಕಲಮು ಅನಧಿಕೃತ ಮಾರ್ಪಾಡಿಗೆ 6 ತಿಂಗಳವರೆಗಿನ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡವನ್ನು ವಿಧಿಸುತ್ತದೆ. ಮೂಲ ಅಳತೆಯ ನಾಜಲ್, ಎಲಿಮೆಂಟ್ ಅಥವಾ ಫಿಲ್ಟರ್ ಹಾಕುವುದು ದುರಸ್ತಿಯೇ ಹೊರತು ಮಾರ್ಪಾಡಲ್ಲ.

ಬಿಎಸ್-4ಕ್ಕಿಂತ ಹಿಂದಿನ ಡೀಸೆಲ್ ವಾಹನಗಳ ಹೊಗೆಯ ಸಾಂದ್ರತೆ 65 ಹಾರ್ಟ್‌ರಿಜ್ ಮಾನ ಮೀರಬಾರದು. ಸಾರಿಗೇತರ ವಾಹನಗಳ ನೋಂದಣಿ 15 ವರ್ಷ ಊರ್ಜಿತವಾಗಿದ್ದು, ಬಳಿಕ ಯೋಗ್ಯತಾ ಪರೀಕ್ಷೆಯ ಮೇಲೆ 5 ವರ್ಷಗಳಿಗೊಮ್ಮೆ ನವೀಕರಣಗೊಳ್ಳುತ್ತದೆ. ಡೀಸೆಲ್ ಬಿ ವರ್ಗದ ಪೆಟ್ರೋಲಿಯಂ ಆದ್ದರಿಂದ, ತಲಾ 1,000 ಲೀಟರ್ ಮೀರದ ಪಾತ್ರೆಗಳಲ್ಲಿ ಒಟ್ಟು 2,500 ಲೀಟರಿನವರೆಗೆ ಪರವಾನಗಿಯಿಲ್ಲದೆ ಇಡಲು 1934ರ ಪೆಟ್ರೋಲಿಯಂ ಕಾಯ್ದೆ ಅವಕಾಶ ಕೊಡುತ್ತದೆ.

ಪ್ರಸ್ತುತ ಸ್ಥಿತಿ

2017ರ ಏಪ್ರಿಲ್ 1ರಿಂದ ಬಿಎಸ್-4, 2020ರ ಏಪ್ರಿಲ್ 1ರಿಂದ ಬಿಎಸ್-6 ದೇಶಾದ್ಯಂತ ಜಾರಿಯಾದ ಮೇಲೆ ರಸ್ತೆ ವಾಹನಗಳಲ್ಲಿ ಯಾಂತ್ರಿಕ ಪಂಪಿನ ಯುಗ ಮುಗಿದಿದೆ. 50 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿ 1ರಿಂದ ಟ್ರೆಮ್-4 ಎಂಬ ಹೊಗೆ ಮಾನದಂಡ ಅನ್ವಯವಾಗಿ, ಆ ವರ್ಗದಲ್ಲೂ ಕಾಮನ್ ರೈಲ್ ಕಾಲಿಟ್ಟಿದೆ. ಅದಕ್ಕಿಂತ ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಯಾಂತ್ರಿಕ ಪಂಪು ಮುಂದುವರಿದಿದೆ. ನೀರಾವರಿಯಲ್ಲಿ ವಿದ್ಯುತ್ ಪಂಪುಗಳು ಡೀಸೆಲ್ ಎಂಜಿನ್ನುಗಳ ಜಾಗವನ್ನು ಬಹುಮಟ್ಟಿಗೆ ತೆಗೆದುಕೊಂಡಿವೆ. ಐಟಿಐಗಳ ಒಂದು ವರ್ಷದ ಡೀಸೆಲ್ ಮೆಕ್ಯಾನಿಕ್ ಮತ್ತು ಎರಡು ವರ್ಷದ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿಗಳಲ್ಲಿ ಯಾಂತ್ರಿಕ, ವಿದ್ಯುನ್ಮಾನ ಎರಡೂ ವ್ಯವಸ್ಥೆಗಳನ್ನು ಕಲಿಸಲಾಗುತ್ತದೆ. ಹೊಸ ವಾಹನಗಳಲ್ಲಿ ಮನೆಯಂಗಳದ ಕೆಲಸ ಫಿಲ್ಟರ್ ಬದಲಾವಣೆ ಮತ್ತು ನೀರು ತೆಗೆಯುವುದಕ್ಕೆ ಸೀಮಿತಗೊಂಡಿದೆ. ಯಾಂತ್ರಿಕ ಪಂಪಿನ ಹಳೆಯ ವಾಹನಗಳಲ್ಲಿ ಇಂಜೆಕ್ಟರ್ ಬಿಚ್ಚುವುದು, ಏರ್ ತೆಗೆಯುವುದು ಮತ್ತು ಟೈಮಿಂಗ್ ನೋಡುವುದು ಈಗಲೂ ಅದರ ವ್ಯಾಪ್ತಿಯಲ್ಲಿವೆ.